ಕೆಂಪು ಅರಿವೆಯ ಗೂಟ

ಮೂರು ವರ್ಷದ ಹಿಂದೆ ಅರಣ್ಯ ಇಲಾಖೆಯವರು ಬಿಳೇಕಲ್ಲ ಕಾವಲಿನ ಹುಲ್ಲುಗಾವಲಿಗೆ ತಂತಿಬೇಲಿ ಬಿಗಿದು ಕುರಿಗಳನ್ನು ಹೊರಗಟ್ಟಿದರು. ಕುರಿ ಮೇದರೆ ಕೃಷ್ಣಮೃಗಕ್ಕೆ, ಊರವರ ಚಿಗರಿಗೆ, ಹುಲ್ಲು ಉಳಿಯದು ಎಂದು ಬೋರ್ಡು ನೆಟ್ಟರು. ಹುಲ್ಲು ನಡುಮಟ್ಟ ಬೆಳೆಯಿತು. ಮೊದಲ ವರ್ಷವೇ ಚಿಗರಿಗಳು ಕಾವಲು ಬಿಟ್ಟು ಹೋದವು.

ತಡಸದ ಶೇಖವ್ವ ಅಷ್ಟೂ ದಿನ ಹೆದ್ದಾರಿ ದಂಡೆಯಲ್ಲಿ ಕುರಿ ಮೇಯಿಸುತ್ತ ಶಿಗ್ಗಾಂವದವರೆಗೆ ಅಲೆದಳು. ಲಾರಿಗಳ ಗಾಲಿಗೆ ಹದಿಮೂರು ಕುರಿ ಹೋದವು. ಈ ಮುಂಗಾರಿನ ಗಾಳಿಗೆ ಜಾಲಿಮರ ಬಿದ್ದು ಬೇಲಿ ಹರಿಯಿತು. ಮರುದಿನವೇ ಅವಳು ಉಳಿದ ಕುರಿಗಳನ್ನು ಒಳಗೆ ಹೊಡೆದಳು. ಕಾವಲುಗಾರ ಜಮಾಲಸಾಬ ನೋಡಿಯೂ ಸೀಟಿ ಊದಲಿಲ್ಲ.

ದಿಬ್ಬದ ಮೇಲಷ್ಟೇ ಮೇಯಿಸಿದಳು. ತಗ್ಗಿನ ಸುತ್ತ ಗೂಟ ಬಡಿದು, ಹಳೇ ಸೀರೆ ಹರಿದು ಕೆಂಪು ಅರಿವೆ ಕಟ್ಟಿದಳು. ಅವಳ ಅತ್ತೆಯ ಕಾಲದ ಕಟ್ಟಳೆ ಅದು: ಹುಲ್ಲಿನ ಬೀಜ ಉದುರಿ, ಲಾವಕ್ಕಿ ಮರಿ ಹಾರುವವರೆಗೆ ಅರಿವೆ ದಾಟಿ ಕುರಿ ಬಾಯಿ ಹಾಕುವಂತಿಲ್ಲ.

ಎರಡು ತಿಂಗಳ ಮೇಲೆ, ಇವತ್ತು ಬೆಳಿಗ್ಗೆ, ಮೇಲಧಿಕಾರಿ ಮಧ್ವೇಶ ಸಾಹೇಬರ ಜೀಪು ಬಂದು ನಿಂತಾಗ ದಿಬ್ಬದ ಗಿಡ್ಡ ಹುಲ್ಲಿನಲ್ಲಿ ಹನ್ನೊಂದು ಚಿಗರಿಗಳಿದ್ದವು. ಮುಂದೆ ಸುರುಳಿ ಕೊಂಬಿನ ಕರಿ ಗಂಡು. ಸಾಹೇಬರು ಮೊಬೈಲು ತೆಗೆದರು.

"ನೋಡಿದ್ಯಾ ಜಮಾಲಸಾಬ! ಬೇಲಿ ಹಾಕಿದ್ದಕ್ಕ ಬಂದಾವ."

"ಬೇಲಿ ಬಿದ್ದ ಮ್ಯಾಲ ಬಂದಾವ್ರಿ."

ಆಗ ಅವರಿಗೆ ಚಿಗರಿಗಳ ಆಚೆ ಕುರಿಗಳು ಕಂಡವು, ಈಚೆ ತಗ್ಗಿನ ಅಂಚಿಗೆ ಕೋಲೂರಿ ನಿಂತ ಶೇಖವ್ವ ಕಂಡಳು.

"ಏನವ್ವಾ, ಬೋರ್ಡು ಓದಲಿಕ್ಕೆ ಬರೂದಿಲ್ಲೇನು?"

"ನನಗ ಬರೂದಿಲ್ರಿ. ಚಿಗರಿಗೂ ಬರೂದಿಲ್ಲ ಕಾಣಸ್ತೈತಿ."

"ಹುಲ್ಲು ಖಾಲಿ ಆದ್ರ ಅವು ಏನು ತಿನ್ನಬೇಕು?"

"ಹೊಟ್ಟಿಗಿಂತ ಮದಲ ಜೀವ ಐತಲ್ರೀ ಯಪ್ಪಾ. ನಡುಮಟ ಹುಲ್ಲಾಗ ತೋಳ ಕುಂತ್ರ ಚಿಗರಿಗೆ ಹ್ಯಾಂಗ ಕಾಣಬೇಕು? ನನ್ನ ಕುರಿ ಮೇದು ಬಯಲು ಮಾಡ್ಯಾವು, ಈಗ ಚಿಗರಿ ತೋಳನ್ನ ದೂರದಿಂದ ನೋಡಿ ಓಡ್ತಾವು. ಅವುಗಳ ಮರಿ ಅಡಗಾಕ ತಗ್ಗಿನ್ಯಾಗ ಎದಿಮಟ ಬಿಟ್ಟೇನಿ. ಹೋಗಿ ನೋಡ್ರಿ, ಅರಿವಿ ದಾಟಬ್ಯಾಡ್ರಿ ಮತ್ತ!"

ತಗ್ಗಿನಿಂದ ಲಾವಕ್ಕಿಯೊಂದು ಭರ್ರನೆ ಎದ್ದಿತು. ಸಾಹೇಬರು ಅತ್ತ ನೋಡಿ, ನೋಡದವರಂತೆ ತಿರುಗಿದರು.

"ಜಮಾಲಸಾಬ, ಸೀಟಿ ಊದು. ಕುರಿ ಹೊರಗ ಹೊಡಿ. ಸಂಜೀಕ ಬೇಲಿ ಬಿಗಸೂಣು."

ಸೀಟಿ ಕೇಳಿದರೆ ಕುರಿಗಳ ಜೊತೆ ಚಿಗರಿಗಳೂ ಓಡುತ್ತವೆ. ಜಮಾಲಸಾಬ ಅಲುಗಾಡಲಿಲ್ಲ.

"ನೌಕರಿ ಬ್ಯಾಡೇನು ನಿನಗ?"

"ಮೂರು ವರ್ಷ ಬರೇ ಬೋರ್ಡು ಕಾಯ್ದೇನ್ರಿ. ಎರಡು ತಿಂಗಳಾತು, ಕಾವಲು ಕಾಯಾಕತ್ತೇನಿ." ಕೊರಳಿನ ಸೀಟಿ ತೆಗೆದು ಪಕ್ಕದಲ್ಲಿದ್ದ ಕೆಂಪು ಅರಿವೆಯ ಗೂಟಕ್ಕೆ ತೂಗುಹಾಕಿದ. "ನಾ ಊದಂಗಿಲ್ಲ."

ದಿಬ್ಬದ ಮೇಲೆ ಕರಿ ಗಂಡು ತಲೆಯೆತ್ತಿ ನಾಲ್ಕೂ ದಿಕ್ಕು ನೋಡಿತು. ಮತ್ತೆ ಮೇಯತೊಡಗಿತು.