ಮೂವತ್ತೊಂದನೇ ಪ್ರಶ್ನೆಯ ಸುಳಿ

ಶಿವಶಂಕರ ಮೇಷ್ಟ್ರ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಹುಡುಕಲು ಕೆ.ಆರ್. ಪೇಟೆಯಲ್ಲಿ ಎಂಟೆದೆ ಬೇಕು. ತಾಲ್ಲೂಕಿನ ಅರ್ಧ ಜನಕ್ಕೆ ಭೂಗೋಳ ಕಲಿಸಿದವರು, ನಿವೃತ್ತರಾದ ಮೇಲೂ ಪ್ರತಿವರ್ಷದ ರಸಪ್ರಶ್ನೆ ಸ್ಪರ್ಧೆಗೆ ಪ್ರಶ್ನೆ ಬರೆಯುವವರು ಅವರೇ. ಈ ಸಲ ಆ ಐವತ್ತು ಪ್ರಶ್ನೆಗಳನ್ನು ಪರಿಶೀಲಿಸುವ ಕೆಲಸ ಅವರ ಹಳೆಯ ಶಿಷ್ಯೆ, ಈಗ ತಾನೂ ಭೂಗೋಳದ ಟೀಚರಾಗಿರುವ ಮೇಘನಳ ತಲೆಗೆ ಬಂತು.

ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಎಂದಿತ್ತು; ಅಂಟಾರ್ಕ್ಟಿಕಾವೂ ಮರುಭೂಮಿಯೇ, ಅದೇ ದೊಡ್ಡದು ಎಂದು ತಿದ್ದಿದಳು. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ ಎಂಬುದನ್ನು ಹೊಡೆದುಹಾಕಿದಳು. ಮೇಷ್ಟ್ರು ಎರಡನ್ನೂ ಗೊಣಗದೆ ಒಪ್ಪಿದರು. ಮೂವತ್ತೊಂದನೆಯದಕ್ಕೆ ಬಂದಾಗ ಮಾತ್ರ ಸುತರಾಂ ಜಗ್ಗಲಿಲ್ಲ. ತೂತಿನಲ್ಲಿ ಇಳಿಯುವ ನೀರು ಸಮಭಾಜಕ ವೃತ್ತದ ಉತ್ತರಕ್ಕೆ ಅಪ್ರದಕ್ಷಿಣೆಯಾಗಿ, ದಕ್ಷಿಣಕ್ಕೆ ಪ್ರದಕ್ಷಿಣೆಯಾಗಿ ಸುತ್ತುತ್ತದೆ, ಭೂಮಿ ತಿರುಗುವುದರಿಂದ ಹಾಗಾಗುತ್ತದೆ, ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ್ದೇನೆ ಎಂದರು. ಚಂಡಮಾರುತದಂಥ ದೊಡ್ಡದಕ್ಕೆ ಅದು ಸರಿ, ಒಂದು ತೂಬಿನ ನೀರನ್ನು ತಿರುಗಿಸಲು ಆ ಬಲ ಸಾಲದು ಎಂದಳು ಮೇಘನ. ಮೊಬೈಲಿನಲ್ಲಿ ಓದಿದ್ದೋ ಎಂದು ಕೇಳಿದರು. ಅಲ್ಲ, ನಮ್ಮಪ್ಪನಿಂದ ತಿಳಿದದ್ದು ಎಂದುಬಿಟ್ಟಳು.

ಅವಳಪ್ಪ ನರಸಯ್ಯ ಶೀಳನೆರೆ ಪಕ್ಕದ ಊರಿನ ಕೆರೆಗೆ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವವನು. ಏಳನೇ ಕ್ಲಾಸಿನಲ್ಲಿ ಇದೇ ಪಾಠ ಬಂದಾಗ, ನಮ್ಮ ಕೆರೆಯಲ್ಲಿ ಎರಡು ಥರವೂ ಸುತ್ತುತ್ತದೆ, ನಮ್ಮಪ್ಪ ತೋರಿಸಿದ್ದಾನೆ ಎಂದಿದ್ದಳು ಮೇಘನ. ಮೇಷ್ಟ್ರು ನಕ್ಕು ಕೂರಿಸಿದ್ದರು, ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಇಪ್ಪತ್ತು ವರ್ಷವಾದರೂ ಆ ಅವಮಾನದ ಉರಿ ಆರಿರಲಿಲ್ಲ. ಆರುವುದಾದರೂ ಹೇಗೆ? ಅವರೆಲ್ಲ ನಕ್ಕಿದ್ದು ಅವಳಪ್ಪ ಕಣ್ಣಾರೆ ಕಂಡದ್ದಕ್ಕೆ. ಈ ಸಲ ಅಪ್ಪನ ಮಾತು ನಿಲ್ಲಲೇಬೇಕಿತ್ತು. ಬನ್ನಿ, ನೀವೇ ನೋಡಿ ಎಂದು ಮೇಷ್ಟ್ರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟಳು.

ಆದರೆ ಕೆರೆ ಏರಿಯ ಮೇಲೆ ಆದದ್ದೇ ಬೇರೆ. ಮೇಷ್ಟ್ರನ್ನು ಕಂಡದ್ದೇ ತಡ, ನರಸಯ್ಯ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕಂಕುಳಿಗೆ ಸೇರಿಸಿ, ವಿಷಯ ಪೂರ್ತಿ ಕೇಳುವ ಮೊದಲೇ ತಲೆಯಾಡಿಸಿದ. ಊರಿಗೆ ಬಂದ ಮಗಳ ಗುರುವಿಗೆ ಎದುರಾಡುವುದುಂಟೇ? ಉಣ್ಣಲು ಕೂರಿಸಿ ಎಲೆ ಎಳೆದಂತೆ ಅದು.

"ಮೇಷ್ಟ್ರು ಏಳಿದ್ಮೇಲೆ ಸರಿಯಾಗೇ ಇರ್ತದೆ, ಬುಡವ್ವ," ಎಂದ.

ಮೇಘನಳ ಮುಖ ಸಪ್ಪಗಾಯಿತು. ಅಪ್ಪನೇ ಕೈ ಬಿಟ್ಟರೆ ಇನ್ನು ಯಾರನ್ನು ಕರೆಯುವುದು? ಮೇಷ್ಟ್ರು ಗೆದ್ದ ಗತ್ತಿನಲ್ಲಿ, ಹಾಗಾದರೆ ಸುಳಿ ಅಪ್ರದಕ್ಷಿಣೆಯಾಗಿಯೇ ಸುತ್ತುತ್ತದೆ ಅನ್ನು ಎಂದರು. ನರಸಯ್ಯ ತೂಬಿನ ಕಡೆ ನೋಡಿದ. ನೀರಿನ ಬಗ್ಗೆ ನೀರುಗಂಟಿ ಒಂದು ಸುಳ್ಳು ಹೇಳಿದರೆ ಕೊನೆಯ ಗದ್ದೆಯವನ ಪೈರು ಒಣಗುತ್ತದೆ. ನರಸಯ್ಯನ ಅಪ್ಪ ಅಂಥ ಸುಳ್ಳು ಹೇಳಿದವನಲ್ಲ, ತಾತ ಹೇಳಿದವನಲ್ಲ.

"ನಿಮ್ಮ ಕಾಲಿಗೆ ಬೇಕಾದ್ರೆ ಬೀಳ್ತೀನಿ ಮೇಷ್ಟ್ರೇ. ನೀರಿನ ಇಸ್ಯದಲ್ಲಿ ಸುಳ್ಳು ಏಳಕ್ಕಾಗಕಿಲ್ಲ."

ಅಷ್ಟು ಹೇಳಿ ದೊಡ್ಡ ತೂಬು ಎತ್ತಿ, ಒಂದು ಹೊಂಗೆ ಎಲೆ ಎಸೆದ. ಅಲ್ಲಿ ನೀರು ಬಲಗಡೆಯಿಂದ ಬರುತ್ತಿತ್ತು. ಎಲೆ ಅಪ್ರದಕ್ಷಿಣೆಯಾಗಿ ಸುತ್ತಿ ಮುಳುಗಿತು. ಮೇಷ್ಟ್ರ ಮುಖ ಅರಳಿತು. ಆಮೇಲೆ ಏರಿಯ ಆ ತುದಿಯ ಚಿಕ್ಕ ತೂಬಿಗೆ ಕರೆದುಕೊಂಡು ಹೋದ. ಅಲ್ಲಿ ನೀರು ಬರುವುದು ಎಡಗಡೆಯಿಂದ. ಎಲೆ ಸರಿಯಾಗಿ ಪ್ರದಕ್ಷಿಣೆ ಹಾಕಿತು. ಮೇಷ್ಟ್ರು ತಾವೇ ಒಂದು ಎಲೆ ಕಿತ್ತು ಎಸೆದರು. ಇನ್ನೊಂದು, ಮತ್ತೊಂದು. ಏಳನೆಯದೂ ಹಾಗೇ ಸುತ್ತಿದ ಮೇಲೆ ಕಲ್ಲಿನ ಮೇಲೆ ಕೂತರು. ನೀರು ಬರುವ ದಾರಿ ಹೇಗೋ ಸುಳಿಯೂ ಹಾಗೆ ಎಂದು ನರಸಯ್ಯ ಮೆಲ್ಲಗೆ ಬಿಡಿಸಿ ಹೇಳಿದ.

ಮೇಷ್ಟ್ರು ಪೆನ್ನು ತೆಗೆದು ಮೂವತ್ತೊಂದನೇ ಪ್ರಶ್ನೆಯ ಮೇಲೆ ಉದ್ದಕ್ಕೆ ಗೀಟು ಎಳೆದರು. ದೊಡ್ಡವರು ದೊಡ್ಡವರೇ, ಸುಮ್ಮನೆ ಹೇಳಬಾರದು. ಪಕ್ಕದಲ್ಲಿ ಏನೋ ಬರೆದು ಹಾಳೆಯನ್ನು ಮೇಘನಳಿಗೆ ಕೊಟ್ಟು, ನಿಮ್ಮಪ್ಪನಿಗೆ ಕೇಳುವ ಹಾಗೆ ಓದು ಎಂದರು.

'ತಪ್ಪು ತಿದ್ದಿದವರು: ನರಸಯ್ಯ, ನೀರುಗಂಟಿ.'

ಮೇಘನ 'ನೀರುಗಂಟಿ' ಎಂಬ ಪದದ ಮೇಲೆ ಬೆರಳಿಟ್ಟಳು. ಏಳನೇ ಕ್ಲಾಸಿನಿಂದ ಬಿ.ಎಡ್.ವರೆಗೆ ಪ್ರತಿ ಅರ್ಜಿಯಲ್ಲೂ ತಂದೆಯ ಉದ್ಯೋಗ ಎಂಬಲ್ಲಿ ಅವಳು ತುಂಬಿದ್ದು 'ಬೇಸಾಯ' ಎಂದು. ಇದೊಂದು ಪದವನ್ನು ಅವಳ ಕೈ ಬರೆದೇ ಇರಲಿಲ್ಲ. ಈಗ ಆಚೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ ನೋಡುವಷ್ಟು ಗಟ್ಟಿಯಾಗಿ ಓದಿದಳು. ಹಾಳೆಯಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿದಳು.

"ನರಸಯ್ಯ, ನೀರುಗಂಟಿ. ನಮ್ಮಪ್ಪ."