ಸಾಲಿನಲ್ಲಿ ಐದನೆಯವಳು

ಡ್ವೇನ್ ಕೋಲರ್ ನಮ್ಮ ಅಡುಗೆ ಲಾರಿಗೆ ಡ್ರೈವರಾಗಿ ಬಂದದ್ದು ಡ್ರಮ್ಮಿನ ಮೇಲಿನ ಪ್ರೀತಿಗಲ್ಲ. ಅವನ ಮಗಳು ಲೀಟಾ ಕಸ್ಕಾಸ್ಕಿಯಾ ದಳಕ್ಕೆ ಆಯ್ಕೆಯಾಗಿದ್ದಳು. ಬೇಸಿಗೆ ಪೂರ್ತಿ ಊರೂರು ಸುತ್ತಿ, ಆಟದ ಮೈದಾನಗಳಲ್ಲಿ ಡ್ರಮ್ಮು ಬಾರಿಸುತ್ತ ತುತ್ತೂರಿ ಊದುತ್ತ ಕವಾಯತು ಮಾಡಿ ಸ್ಪರ್ಧಿಸುವ ದಳ ನಮ್ಮದು. ಸೇರುವ ಹುಡುಗ ಹುಡುಗಿಯರಿಗೆ ನಾವು ಕಾಸು ಕೊಡುವುದಿಲ್ಲ, ಅವರೇ ಕಟ್ಟಬೇಕು, ಅದೂ ಒಂದು ಹಳೇ ಕಾರು ಬರುವಷ್ಟು. ಮನೆಯವರೊಬ್ಬರು ಬೇಸಿಗೆಯಿಡೀ ದಳಕ್ಕೆ ದುಡಿದರೆ ಅರ್ಧ ಮಾಫಿ. ಡ್ವೇನ್ ಡೆಕೇಟರಿನಲ್ಲಿ ಶಾಲೆ ಬಸ್ಸು ಓಡಿಸುವವನು, ಬೇಸಿಗೆಯಲ್ಲಿ ಅವನಿಗೆ ಕೆಲಸವಿರುತ್ತಿರಲಿಲ್ಲ. ಹೆಂಡತಿ ರೋಸಾಲಿ, "ಮನೆ ಮುಂದಿನ ಹುಲ್ಲು ನಾನೇ ಕತ್ತರಿಸ್ಕೋತೀನಿ, ನೀನು ಹೋಗು" ಎಂದು ಕಳಿಸಿದ್ದಳು.

ನಾನು ವರ್ನಾ, ಆ ಲಾರಿಯ ಮುಖ್ಯ ಅಡುಗೆಯವಳು. ನನ್ನ ಇಬ್ಬರು ಗಂಡುಮಕ್ಕಳು ಇದೇ ದಳದಲ್ಲಿ ತುತ್ತೂರಿ ಊದಿ, ದಳದ ವಯಸ್ಸಿನ ಮಿತಿ ಮೀರಿ ಹೊರಬಿದ್ದು, ಮದುವೆಯಾಗಿ ಬೊಜ್ಜು ಬೆಳೆಸಿದ್ದಾರೆ. ನಾನು ಮಾತ್ರ ಇನ್ನೂ ಇಲ್ಲೇ ಮೊಟ್ಟೆ ಒಡೆಯುತ್ತಿದ್ದೇನೆ.

ಪ್ರವಾಸ ಹೊರಟ ದಿನವೇ ಲೀಟಾ ಲಾರಿಯ ಹಿಂಬಾಗಿಲಿಗೆ ಬಂದು ಅಪ್ಪನಿಗೆ ಷರತ್ತು ಹಾಕಿದಳು.

"ನೋಡು, ಇಲ್ಲಿ ನೀನು ನನಗೆ ಯಾರೂ ಅಲ್ಲ. ಲಾರಿ ಡ್ರೈವರ್, ಅಷ್ಟೆ. ಎಲ್ಲರ ಮುಂದೆ ಗುಬ್ಬಿ ಗಿಬ್ಬಿ ಅಂತ ಕರೆಯೋ ಹಾಗಿಲ್ಲ."

"ಮತ್ತೆ ಏನಂತ ಕರೀಲಿ? ಮಹಾರಾಣಿಯವರೇ ಅಂತಲಾ?"

"ಕರೀಲೇಬೇಡ. ತಟ್ಟೆಗೆ ಊಟ ಹಾಕು, ಸಾಕು."

ಅವನು ನಕ್ಕ. ಅವಳು ಹೋದಮೇಲೆ ಆ ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದುಬಿಟ್ಟಿತ್ತು.

ನಮ್ಮ ಬೇಸಿಗೆಗೆ ನೆಲೆಯೆಂಬುದಿಲ್ಲ. ಇವತ್ತು ಒಂದೂರಿನ ಶಾಲೆಯ ಜಿಮ್ಮಿನ ನೆಲದ ಮೇಲೆ ಹುಡುಗರು ಚಾಪೆ ಬಿಚ್ಚುತ್ತಾರೆ, ನಾಳೆ ಇನ್ನೊಂದೂರು. ಬಸ್ಸಿನಲ್ಲಿ ಅರೆನಿದ್ದೆ, ಇಳಿದ ತಕ್ಷಣ ಬಿಸಿಲಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ, ಮತ್ತೆ ಬಸ್ಸು. ಯಾವ ರಾಜ್ಯದಲ್ಲಿದ್ದೇವೆ ಎಂಬುದು ಹಾಲಿನ ಪ್ಯಾಕೆಟ್ ನೋಡಿದಾಗಲೇ ನನಗೆ ಗೊತ್ತಾಗುವುದು. ಲೀಟಾ ಬಾರಿಸುತ್ತಿದ್ದದ್ದು ಟೆನರ್, ಅಂದರೆ ಒಟ್ಟಿಗೆ ಜೋಡಿಸಿದ ಡ್ರಮ್ಮುಗಳ ಗೊಂಚಲು. ಅದನ್ನು ಹೆಗಲಿಗೆ ಸಿಕ್ಕಿಸಿ ಹೊಟ್ಟೆಯ ಮುಂದೆ ಹೊತ್ತುಕೊಂಡು, ಏಡಿಯ ಹಾಗೆ ಅಡ್ಡಡ್ಡ ಓಡುತ್ತ ಬಾರಿಸಬೇಕು. ಅವಳ ಸಾಲಿನಲ್ಲಿದ್ದದ್ದು ಐವರು. ಕೊನೆಯವಳು ಇವಳು. ಆ ಸಾಲಿನಲ್ಲಿ ನಿಲ್ಲಲೆಂದು ಎರಡು ಚಳಿಗಾಲ ಪರೀಕ್ಷೆ ಕೊಟ್ಟು ಬರಿಗೈಯಲ್ಲಿ ಹಿಂದಿರುಗಿದ್ದವಳು, ಮೂರನೆಯ ಸಲ ಗೆದ್ದಿದ್ದಳು.

ಕಾನ್ಸಸ್‌ನ ಸಲೈನಾದಲ್ಲಿ ಡ್ವೇನ್ ಮೊದಲು ಗಮನಿಸಿದ. ಮಧ್ಯಾಹ್ನದ ಊಟಕ್ಕೆ ಹುಡುಗರು ಸಾಲು ನಿಂತಿದ್ದರು. ಡಾಂಬರು ಕಾದು ಚಪ್ಪಲಿಗೆ ಅಂಟುತ್ತಿತ್ತು. ಲೀಟಾ ಕೊಕ್ಕರೆಯ ಹಾಗೆ ಎಡಗಾಲ ಮೇಲೆ ಭಾರ ಬಿಟ್ಟು, ಬಲಗಾಲನ್ನು ಬರೀ ನೆಲಕ್ಕೆ ತಾಗಿಸಿ ನಿಂತಿದ್ದಳು.

"ಕಾಲಿಗೇನಾಯ್ತು?" ಎಂದ, ಟಾಕೊ ಹಾಕುತ್ತ.

"ಶೂ ಕಚ್ಚಿದೆ."

"ಕಚ್ಚಿದ್ರೆ ಹಿಮ್ಮಡಿ ಎತ್ತಿ ನಿಲ್ತಾರೆ. ನೀನು…"

"ಡ್ರೈವರಣ್ಣ, ಇನ್ನೊಂದು ಚೂರು ಚೀಸ್ ಹಾಕು, ಹಿಂದೆ ಜನ ಇದಾರೆ." ಪಕ್ಕದ ಹುಡುಗರು ನಕ್ಕರು. ಡ್ವೇನ್ ಚೀಸ್ ಹಾಕಿದ.

ಮರುದಿನ ಬೆಳಿಗ್ಗೆ ನಾನು ಹಿಟ್ಟು ಕಲಸುತ್ತಿದ್ದಾಗ ಲಾರಿಯ ಹಿಂದೆ ಇಬ್ಬರ ದನಿ ಕೇಳಿತು. ಲೀಟಾ ಕಾಲಿಗಿಡಲು ಐಸ್ ಪೆಟ್ಟಿಗೆಗೆ ಕೈಹಾಕಿ ಅಪ್ಪನಿಗೆ ಸಿಕ್ಕಿಬಿದ್ದಿದ್ದಳು.

"ಗುಬ್ಬಿ, ಇಲ್ಲಿ ಯಾರೂ ಇಲ್ಲ. ಕಾಲು ತೋರ್ಸು."

"ಏನೂ ಆಗಿಲ್ಲ ಅಂದ್ನಲ್ಲ. ಇಲ್ಲಿ ಎಲ್ಲರಿಗೂ ಎಲ್ಲಾದ್ರೂ ನೋವಿದ್ದೇ ಇರುತ್ತೆ. ನೋವಿಲ್ದೋರು ಮನೇಲಿ ಸೋಫಾ ಮೇಲಿದಾರೆ."

ಅವನು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳೊತ್ತಿದನೆಂದು ಕಾಣುತ್ತದೆ. ಅವಳು ಕಿರುಚಿದ್ದು ಕೇಳಿ ನನ್ನ ಕೈಯ ಸೌಟು ಪಾತ್ರೆಗೆ ಬಿತ್ತು.

"ಇದನ್ನ ದಳದ ನರ್ಸಿಗೆ ತೋರಿಸ್ಬೇಕು."

"ತೋರಿಸಿದ್ರೆ ನನ್ನ ಬೇಸಿಗೆ ಮುಗೀತು. ಫೈನಲ್ ತನಕ ತಡ್ಕೋತೀನಿ, ಆಮೇಲೆ ಬೇಕಾದ್ರೆ ಕತ್ತರಿಸಿ ಹಾಕ್ಲಿ. ಅಪ್ಪಾ, ದಮ್ಮಯ್ಯ ಅಂತೀನಿ. ಯಾರಿಗೂ ಹೇಳ್ಬೇಡ."

ಆ ಬೇಸಿಗೆಯಲ್ಲಿ ಅವಳ ಬಾಯಲ್ಲಿ ಅಪ್ಪ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಅವತ್ತು ಅವನು ಯಾರಿಗೂ ಹೇಳಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದ. ಲಾರಿಯ ಟೈರುಗಳನ್ನು ಒದ್ದು ನೋಡಿದ. ಬ್ರೆಡ್ಡಿನ ಪೆಟ್ಟಿಗೆಗಳನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸಾಗಿಸಿ, ಮತ್ತೆ ಹಿಂದಕ್ಕೆ ತಂದಿಟ್ಟ.

"ಡ್ವೇನ್, ಒಂದ್ ಕಡೆ ನಿಲ್ಲು ಮಾರಾಯ. ನಿನ್ನ ನೋಡಿ ನಂಗೆ ತಲೆ ತಿರುಗ್ತಿದೆ."

"ನೀವಾಗಿದ್ರೆ ಏನ್ಮಾಡ್ತಿದ್ರಿ, ವರ್ನಾ?"

"ನನ್ನ ದೊಡ್ಡ ಮಗ ಮುರಿದ ಬೆರಳಲ್ಲೇ ಒಂದು ಬೇಸಿಗೆ ಊದಿದ. ಈಗಲೂ ಆ ಬೆರಳು ಮಡಚಲ್ಲ. ಕೇಳಿದ್ರೆ ಹೆಮ್ಮೆಯಿಂದ ನಗ್ತಾನೆ. ಅವನ ಹೆಂಡ್ತಿ ನಗಲ್ಲ."

"ಇದು ಉತ್ತರ ಅಲ್ಲ."

"ಉತ್ತರ ನನ್ನ ಹತ್ರ ಇಲ್ಲ. ಈರುಳ್ಳಿ ಹೆಚ್ಚು ಬಾ."

ಮುಂದಿನ ಊರು ತುಲ್ಸಾ. ಅಲ್ಲಿಯ ಮೈದಾನ ನಮ್ಮ ಲಾರಿಯಿಂದ ಕಾಣುವಷ್ಟು ಹತ್ತಿರವಿತ್ತು. ಡ್ವೇನ್ ಈರುಳ್ಳಿ ಹೆಚ್ಚುತ್ತಲೇ ಆ ಕಡೆ ನೋಡುತ್ತಿದ್ದ. ಟೆನರ್ ಸಾಲು ಹಿಂದಕ್ಕೆ ಓಡಿ, ತಟ್ಟನೆ ಪಕ್ಕಕ್ಕೆ ತಿರುಗುವ ಜಾಗ ಬಂತು. ನಾಲ್ವರು ತಿರುಗಿದರು. ಲೀಟಾ ಅರ್ಧ ಹೆಜ್ಜೆ ತಡವಾಗಿ ತಿರುಗಿದಳು. ಮುಖ ಮೇಲೆತ್ತಿ ಹಲ್ಲು ಕಚ್ಚಿದ್ದು ದೂರಕ್ಕೂ ಕಾಣಿಸಿತು, ಆದರೆ ಕೈಗಳು ಮಾತ್ರ ಒಂದು ಪೆಟ್ಟನ್ನೂ ಬಿಡಲಿಲ್ಲ. ಡ್ವೇನ್ ಚಾಕು ಕೆಳಗಿಟ್ಟು, ಏಪ್ರನ್ ಬಿಚ್ಚದೆ, ಎಲ್ಲರ ಕಣ್ಣೆದುರೇ ಮೈದಾನ ದಾಟಿ ನರ್ಸಿನ ಬಳಿ ಹೋದ.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್-ರೇಯಲ್ಲಿ ಮೂಳೆ ಬಿರುಕು ಬಿಟ್ಟದ್ದು ಕಂಡಿತು. ಇನ್ನೂ ಕೆಲವು ದಿನ ಕುಣಿದಿದ್ದರೆ ಎರಡು ತುಂಡಾಗುತ್ತಿತ್ತು ಎಂದರಂತೆ ಡಾಕ್ಟರು. ಲೀಟಾ ಮೊಣಕಾಲವರೆಗಿನ ದಪ್ಪ ಪ್ಲಾಸ್ಟಿಕ್ ಬೂಟು ಹಾಕಿಕೊಂಡು ಊರುಗೋಲಿನಲ್ಲಿ ಹಿಂದಿರುಗಿದಳು. ಅಷ್ಟರೊಳಗೆ ಸಾಲನ್ನು ಸರಿಪಡಿಸಿಯಾಗಿತ್ತು. ಬದಲಿಗೆ ಇನ್ನೊಬ್ಬರನ್ನು ತಂದು ನಿಲ್ಲಿಸಿದ್ದರೂ ಅವಳಿಗೆ ಬೈಯಲು ಒಂದು ಮುಖ ಸಿಗುತ್ತಿತ್ತು. ಅವರು ಯಾರನ್ನೂ ತರಲಿಲ್ಲ. ನಾಲ್ವರೂ ಒಂದಿಷ್ಟು ದೂರ ದೂರ ನಿಂತರು, ಖಾಲಿ ಜಾಗವೇ ಇಲ್ಲದಂತಾಯಿತು. ಅವಳು ಬೇಲಿಗೆ ಒರಗಿ ಅದನ್ನು ನೋಡಿದಳು. ಮಧ್ಯಾಹ್ನವಿಡೀ ನೋಡಿದಳು.

ಅವಳು ಮನೆಗೆ ಹೋಗಲು ಒಪ್ಪಲಿಲ್ಲ. ದಳದ ಮುಖ್ಯಸ್ಥರು ಅಡುಗೆ ಲಾರಿಯಲ್ಲಿ ಕೂತು ಕೆಲಸ ಮಾಡಲಿ ಎಂದರು. ಹೀಗೆ ಅಪ್ಪ ಮಗಳು ಒಂದೇ ಲಾರಿಗೆ ಬಂದರು. ಅವಳು ಅವನೊಂದಿಗೆ ಒಂದು ಮಾತೂ ಆಡುತ್ತಿರಲಿಲ್ಲ. ಉಪ್ಪು ಬೇಕಾದರೆ, "ಮಿಸ್ ವರ್ನಾ, ಆ ಡ್ರೈವರಿಗೆ ಉಪ್ಪು ಕೊಡೋಕೆ ಹೇಳಿ" ಎನ್ನುವಳು. ಅವಳ ಕೈಗಳಂತೂ ಸುಮ್ಮನಿರಲೊಲ್ಲವು. ಸೌಟಿನಿಂದ ಪಾತ್ರೆಯ ಮುಚ್ಚಳಕ್ಕೆ, ಚಮಚದಿಂದ ಮೇಜಿಗೆ, ಏನೂ ಇಲ್ಲದಿದ್ದರೆ ಬೆರಳಿನಿಂದ ತೊಡೆಗೆ, ಅದೇ ಪ್ರದರ್ಶನವನ್ನು ಮೊದಲಿಂದ ಕೊನೆಯವರೆಗೆ ತಟ್ಟುತ್ತಲೇ ಇದ್ದಳು. "ತಟ್ಟೋದು ನಿಲ್ಸೇ, ಇಲ್ಲಾಂದ್ರೆ ಫ್ರಿಜ್ಜಿನೊಳಗೆ ಕೂರಿಸ್ತೀನಿ" ಎಂದು ಗದರಿದೆ. ನಿಲ್ಲಿಸಿದಳು. ಪ್ಯಾನ್‌ಕೇಕ್ ತಿರುವಿ ಹಾಕುವಷ್ಟರಲ್ಲಿ ಮತ್ತೆ ಶುರು.

ಮೊದಮೊದಲು ಅವಳ ಸಾಲಿನವರು ತಟ್ಟೆ ಹಿಡಿದು ಬಂದಾಗ ತಬ್ಬಿಕೊಳ್ಳುತ್ತಿದ್ದರು, "ನೀನಿಲ್ದೆ ಬೇಜಾರು ಕಣೇ" ಎನ್ನುತ್ತಿದ್ದರು. ಟೆಕ್ಸಾಸ್ ಮುಟ್ಟುವಷ್ಟರಲ್ಲಿ, "ಸಾಸ್ ಇದ್ಯಾ?" ಎಂದಷ್ಟೇ ಕೇಳತೊಡಗಿದರು. ಅವರನ್ನೂ ದೂರುವಂತಿಲ್ಲ. ನಿಂತಲ್ಲೇ ತೂಕಡಿಸುತ್ತಿದ್ದ ಮಕ್ಕಳು.

ಲಿಟಲ್ ರಾಕ್ ತಲುಪಿದ ದಿನ ಆಲೂಗಡ್ಡೆ ಸುಲಿಯುತ್ತಿದ್ದ ಲೀಟಾ ಚಾಕುವನ್ನು ಬಕೆಟ್ಟಿಗೆ ಎಸೆದಳು.

"ಅಮ್ಮನಿಗೆ ಫೋನ್ ಮಾಡಿದೀನಿ. ಬರ್ತಿದಾಳೆ." ನನ್ನನ್ನು ನೋಡಿಕೊಂಡೇ ಹೇಳಿದಳು, ಹೇಳಿದ್ದು ಅವನಿಗೆ.

ಡ್ವೇನ್ ಒಲೆ ಸಣ್ಣ ಮಾಡಿ ಬಂದ. "ಗುಬ್ಬಿ, ನಾನು ದಿನಾ ರೈಲು ಹಳಿ ದಾಟೋ ಮೊದ್ಲು ಬಸ್ ನಿಲ್ಲಿಸ್ತೀನಿ. ಬಾಗಿಲು ತೆಗೆದು ಕಿವಿಗೊಡ್ತೀನಿ. ಆ ಹಳಿ ಮೇಲೆ ರೈಲು ಬರೋದು ಅಪರೂಪ. ಆದ್ರೂ ನಿಲ್ಲಿಸ್ತೀನಿ. ನಂಗೆ ಬೇರೆ ಥರ ಬರಲ್ಲ."

"ನಾನು ನಿನ್ನ ಬಸ್ಸಲ್ಲಿರಲಿಲ್ಲ!" ಅವಳ ದನಿ ಒಡೆಯಿತು. "ಅದು ನನ್ನ ಕಾಲು. ಮುರಿಯೋದಾದ್ರೆ ನಾನು ಮುರ್ಕೊಳ್ತಿದ್ದೆ. ಅಲ್ಲಿ, ಮೈದಾನದಲ್ಲಿ ಮುರ್ಕೊಳ್ತಿದ್ದೆ."

ಅಷ್ಟರಲ್ಲಿ ಅನ್ನ ತಳ ಹಿಡಿಯುತ್ತಿತ್ತು, ನಾನೇ ಎದ್ದು ನೋಡಿದೆ.

ಮುಖ್ಯಸ್ಥರು ಬಂದು ಡ್ವೇನ್‌ಗೆ ಹೇಳಿದರು: "ಮಗಳು ಹೊರಟ ಮೇಲೆ ನಿಮ್ಮನ್ನ ಹಿಡಿದಿಟ್ಕೊಳ್ಳಲ್ಲ. ನೀವೂ ಹೋಗ್ಬಹುದು. ಇನ್ನೊಬ್ಬ ಡ್ರೈವರ್ ಸಿಕ್ತಾನೆ." ರೋಸಾಲಿಯ ಕಾರು ಬಂತು. ಲೀಟಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಮುಂದಿನ ಸೀಟು ಖಾಲಿಯಿತ್ತು. ರೋಸಾಲಿ ಗಂಡನ ಮುಖ ನೋಡಿದಳು. ಅವನು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, "ಒಪ್ಕೊಂಡಿದೀನಲ್ಲ. ಮುಗಿಸಿ ಬರ್ತೀನಿ" ಎಂದ.

ಲೀಟಾ ಕಿಟಕಿ ಇಳಿಸಿದಳು. "ಚೆನ್ನಾಗಿದೆ. ನನ್ನನ್ನ ಆಚೆ ಹಾಕ್ಸಿ, ನೀನು ಒಳಗೆ ಉಳ್ಕೊಂಡೆ."

ಕಾರು ಹೋದಮೇಲೆ ನಾನು ಬಿಡಲಿಲ್ಲ. "ಒಪ್ಕೊಂಡಿದ್ದಕ್ಕೆ ಉಳಿದೆಯಾ, ಇಲ್ಲಾ ಅವಳ ಜೊತೆ ಒಂದೇ ಮನೇಲಿರೋಕೆ ಹೆದರಿ ಉಳಿದೆಯಾ?"

"ಎರಡೂ" ಎಂದ. ಆಮೇಲೆ, "ಎರಡನೇದೇ ಜಾಸ್ತಿ" ಎಂದ.

ಇಂಡಿಯಾನಾಪೊಲಿಸ್‌ನ ಕೊನೆಯ ಸ್ಪರ್ಧೆಗೆ ಮಾತ್ರ ಅಡುಗೆಯವರನ್ನೂ ಒಳಗೆ ಬಿಡುತ್ತಾರೆ. ಬೇಸಿಗೆಯಿಡೀ ಅವರು ಬಾರಿಸುವ ಹೊತ್ತಿನಲ್ಲಿ ನಾವು ಪಾತ್ರೆಗಳ ನಡುವೆ ಇರುತ್ತೇವೆ, ಹಾಗಾಗಿ ಡ್ವೇನ್ ಪೂರ್ತಿ ಪ್ರದರ್ಶನವನ್ನು ಒಮ್ಮೆಯೂ ನೋಡಿರಲಿಲ್ಲ. ಬರುವುದಿಲ್ಲವೆಂದ. ತೋಳು ಹಿಡಿದು ಎಳೆದುಕೊಂಡು ಹೋದೆ. ನಮ್ಮ ಮಕ್ಕಳು ಮೈದಾನಕ್ಕಿಳಿದರು. ಮೊದಲ ಪೆಟ್ಟಿಗೇ ಎದೆಗೂಡು ಅದುರಿತು. ಡ್ವೇನ್ ನಾಲ್ವರ ಆ ಸಾಲನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ. ಕೊನೆಯಲ್ಲಿ ತುತ್ತೂರಿಗಳೆಲ್ಲ ಒಟ್ಟಿಗೆ ನಮ್ಮ ಕಡೆ ತಿರುಗಿ ಮೊಳಗಿದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವನು ಮುಖ ಮುಚ್ಚಿಕೊಂಡು ಕೂತಿದ್ದ.

"ಅವಳು ಯಾಕೆ ಕಾಲು ಕೊಡೋಕೆ ತಯಾರಿದ್ಲು ಅಂತ ಈಗ ಗೊತ್ತಾಯ್ತು" ಎಂದ, ಗದ್ದಲ ಇಳಿದ ಮೇಲೆ.

"ಮೊದಲೇ ಗೊತ್ತಾಗಿದ್ರೆ ನರ್ಸಿಗೆ ಹೇಳ್ತಿರಲಿಲ್ವಾ?"

"ಹೇಳ್ತಿದ್ದೆ." ಎದ್ದು ನಿಂತ. "ಆದ್ರೆ ಅಷ್ಟು ಸಲೀಸಾಗಿ ಮೈದಾನ ದಾಟಿ ಹೋಗ್ತಿರಲಿಲ್ಲ."

ಮುಂದಿನ ವರ್ಷ ಲೀಟಾ ಮತ್ತೆ ಆಯ್ಕೆಯಾದಳು. ವಯಸ್ಸಿನ ಪ್ರಕಾರ ಅವಳಿಗೆ ಅದೇ ಕೊನೆಯ ಅವಕಾಶ. ಮೇ ತಿಂಗಳ ಶಿಬಿರಕ್ಕೆ ಅವಳೊಬ್ಬಳೇ ಬಂದಳು. ತಿಂಡಿಗೆ ಎಲ್ಲರಿಗಿಂತ ಮೊದಲು ನನ್ನ ಮುಂದೆ ನಿಂತಳು.

"ನಿಮ್ಮಪ್ಪ ಎಲ್ಲಿ?"

"ಶಾಲೆ ಬಸ್ ಬಿಟ್ಟ. ಸೋಯಾ ಕಾಳು ಸಾಗಿಸೋ ಲಾರಿ ಓಡಿಸ್ತಾನೆ ಈಗ. ವರ್ಷಪೂರ್ತಿ ಕೆಲಸ, ಬೇಸಿಗೆ ರಜೆ ಇಲ್ಲ. ನನ್ನ ಶುಲ್ಕ ಪೂರ್ತಿ ಅವನೇ ಕಟ್ಟಿದ." ತಟ್ಟೆ ಮುಂದೆ ಚಾಚಿದಳು. "'ನಾನು ಅಲ್ಲಿದ್ದು ನಿಂಗೆ ನೋವಾದ್ರೆ ಮತ್ತೆ ಹೇಳೇ ಹೇಳ್ತೀನಿ, ಅದಕ್ಕೆ ಬರಲ್ಲ' ಅಂದ."

"ಆ ಬಸ್ ಅಂದ್ರೆ ಅವನಿಗೆ ಪ್ರಾಣ ಅಲ್ವಾ?"

"ಹೂಂ. ಮಕ್ಕಳೆಲ್ಲ ಕೊನೇ ದಿನ ಅತ್ತರಂತೆ."

"ನೀವಿಬ್ರೂ ಮಾತಾಡ್ತೀರಾ?"

"ಮಾತಾಡ್ತೀವಿ. ಮಳೆ ಬಂತಾ, ಹಿಮ ಬಿತ್ತಾ ಅಂತ." ತಟ್ಟೆ ನೋಡಿಕೊಂಡು ನಿಂತಳು. "ಬಸ್ ಬಿಡ್ಬೇಡ ಅಂತ ನಾನು ಅನ್ಬಹುದಿತ್ತು, ಮಿಸ್ ವರ್ನಾ. ಅನ್ಲಿಲ್ಲ."

ಮೈದಾನದ ಕಡೆಯಿಂದ ಟೆನರ್ ಸಾಲನ್ನು ಕರೆದರು. ಅವಳು ಮೊಟ್ಟೆ ಬುರ್ಜಿಯನ್ನು ಎರಡೇ ತುತ್ತಿಗೆ ನುಂಗಿ, ಬ್ರೆಡ್ಡನ್ನು ಬಾಯಲ್ಲಿ ಕಚ್ಚಿಕೊಂಡು ಓಡಿದಳು.

ಆ ಬೇಸಿಗೆ ಅವಳು ಕೊನೆಯವರೆಗೂ ಬಾರಿಸಿದಳು. ಡ್ವೇನ್ ಎಲ್ಲೆಲ್ಲಿಂದಲೋ, ಹೆದ್ದಾರಿ ಪಕ್ಕದಿಂದ, ಇಂಜಿನ್ ಗುರುಗುಟ್ಟುವ ಸದ್ದಿನ ನಡುವೆ, ನನಗೆ ಫೋನ್ ಮಾಡುತ್ತಿದ್ದ. ಕಾಲಿನ ಸುದ್ದಿ ಒಮ್ಮೆಯೂ ಎತ್ತಲಿಲ್ಲ.

"ಊಟ ಮಾಡಿದ್ಲಾ?" ಎನ್ನುವನು.

"ಎರಡು ಸಲ ಹಾಕಿಸ್ಕೊಂಡ್ಲು" ಎನ್ನುವೆ.

"ಸರಿ ಹಾಗಾದ್ರೆ" ಎನ್ನುವನು. ಆದರೂ ಫೋನು ಇಡುತ್ತಿರಲಿಲ್ಲ.