ಬಿಟ್ಟಿ ಮಣ್ಣು

ವೆರ್ನನ್ ಕ್ಲೈನ್ ಎದ್ದು ಹೋಗಿ ಜನರ ಸಾಲಿನ ಮಡಚುಕುರ್ಚಿಯಲ್ಲಿ ಕೂತ. ಭೂಪರಿವರ್ತನೆ ಸಮಿತಿಯ ಸದಸ್ಯರ ಸ್ವಂತ ಜಮೀನಿನ ಅರ್ಜಿ ಬಂದರೆ ಅವರು ಮೇಜು ಬಿಟ್ಟು ಅಲ್ಲಿ ಕೂರಬೇಕು, ಅದು ಪದ್ಧತಿ. ಹನ್ನೆರಡು ವರ್ಷ ಅಧ್ಯಕ್ಷನಾಗಿ ಮೆರೆದವನಿಗೆ ಆ ಕುರ್ಚಿ ಚುಚ್ಚುತ್ತಿರಬೇಕು. ಚುಚ್ಚಲಿ, ಎಂದುಕೊಂಡಳು ಮೇಜಿನ ಈಚೆಗಿದ್ದ ಆರ್ಲೀನ್.

ಒಂಬತ್ತು ವರ್ಷದ ಹಿಂದೆ ಅದೇ ಸಾಲಿನಲ್ಲಿ ಅವಳ ಗಂಡ ಎಲ್ಡನ್ ನಿಂತಿದ್ದ. ಮಗಳಿಗೊಂದು ಮನೆ ಕಟ್ಟಲು ತನ್ನದೇ ಹೊಲದ ಮೂಲೆಯಲ್ಲಿ ಒಂದೇ ಒಂದು ಎಕರೆಗೆ ಅನುಮತಿ ಕೇಳಿದ್ದ.

"ಇಂಥ ಕಪ್ಪು ಮಣ್ಣು ಮತ್ತೆ ಹುಟ್ಟಲ್ಲ, ಎಲ್ಡನ್. ಇವತ್ತು ನಿಂಗೆ ಬಿಟ್ರೆ ನಾಳೆ ಶಿಕಾಗೋನೇ ಎದ್ದು ಇಲ್ಲಿಗೆ ಬರತ್ತೆ," ಎಂದು ವೆರ್ನನ್ ಅರ್ಜಿಯನ್ನು ತಳ್ಳಿಹಾಕಿದ್ದ. ಮಗಳು ದೂರದ ಊರು ಸೇರಿದಳು. ಎಲ್ಡನ್ ಸಾಯುವವರೆಗೂ ಪಕ್ಕದ ಹೊಲದವನೇ ಆದ ವೆರ್ನನ್‌ನ ಮುಖ ನೋಡಲಿಲ್ಲ. ಕಪ್ಪು ಮಣ್ಣಿನ ಆ ಮಾತನ್ನು ಒಂದು ದಿನ ಅವನ ಮುಖಕ್ಕೇ ಎಸೆಯಬೇಕೆಂದು ಆರ್ಲೀನ್ ಸಮಿತಿ ಸೇರಿದ್ದಳು.

ಈಗ ವೆರ್ನನ್ ಕೇಳುತ್ತಿದ್ದುದು ನೂರಿಪ್ಪತ್ತು ಎಕರೆ, ಅದೂ ಇನ್ನೂರೈವತ್ತು ಮನೆಗಳಿಗೆ! ಎರಡು ಮತ ಪರ, ಎರಡು ವಿರೋಧ. ಉಳಿದದ್ದು ಅವಳದೊಂದೇ.

ವೆರ್ನನ್ ಟೋಪಿ ತಿರುವುತ್ತಾ ನಿಂತ. "ನನ್ನ ಎರಡು ಮಂಡೀನೂ ಹೋಗಿದೆ, ಆರ್ಲೀನ್. ಟ್ರ್ಯಾಕ್ಟರ್ ಹತ್ತಕ್ಕಾಗಲ್ಲ, ನನ್ನ ಹಿಂದೆ ಉಳೋರೂ ಯಾರಿಲ್ಲ. ಎಲ್ಡನ್‌ಗೆ ಅವತ್ತು ನಾನು ಮಾಡಿದ್ದು ತಪ್ಪು ಕಣೇ."

"ಅದನ್ನ ಅವನಿದ್ದಾಗ ಬೊಗಳಬೇಕಿತ್ತು," ಎಂದಳು. ಆದರೂ ಹಾಳು ಕರುಳು ಚುರ್ ಎಂದಿತು. ನೆರೆಯವರ ಬಾಯಿಂದ ಬೇಡ ಎಂಬ ಮಾತನ್ನು ಯಾರೂ ಕೇಳುವಂತಾಗಬಾರದು ಅನ್ನಿಸಿತು. ಕೈ ಎತ್ತಿದಳು. "ಸರಿ. ನನ್ನ ಒಪ್ಪಿಗೆ ಇದೆ."

ಏಪ್ರಿಲ್‌ನಲ್ಲಿ ಯಂತ್ರಗಳು ಬಂದು ಮೊದಲು ಮೇಲ್ಮಣ್ಣು ಕೆರೆದವು. ಮನೆ ಕಟ್ಟುವವರಿಗೆ ಅದು ಬೇಡ. ಹೂದೋಟದವರಿಗೆ ಲಾರಿಗಟ್ಟಲೆ ಮಾರುತ್ತಾರೆ. ಒಂದು ಲಾರಿ ಆರ್ಲೀನಳ ಅಂಗಳಕ್ಕೂ ಬಂದು ಸುರಿಯಿತು. ಅದರ ಬೆನ್ನಿಗೇ ವೆರ್ನನ್ ಬಂದ.

"ನಿಂಗೆ ಅಂತ್ಲೇ ಕಳಿಸ್ದೆ. ಪೂರಾ ಬಿಟ್ಟಿ! ಟೊಮ್ಯಾಟೊ ಹಾಕು, ಹೆಂಗೆ ಬರತ್ತೆ ನೋಡು. ಇಂಥ ಮಣ್ಣು ದುಡ್ಡು ಕೊಟ್ರೂ ಸಿಗಲ್ಲ."

ಗುಡ್ಡೆಯಲ್ಲಿ ಹೋದ ವರ್ಷದ ಮುಸುಕಿನ ಜೋಳದ ಬೇರುಗಳು ಇನ್ನೂ ಇದ್ದವು. ಎಲ್ಡನ್ ಇದ್ದಿದ್ದರೆ ತನ್ನ ಮುಖವನ್ನೂ ನೋಡುತ್ತಿರಲಿಲ್ಲ ಎಂದುಕೊಂಡಳು ಆರ್ಲೀನ್.

"ಮನೆ ಕಟ್ಟೋರು ನಿನ್ನ ಹೊಲಾನೂ ವಿಚಾರಿಸ್ತಿದಾರೆ," ಎಂದ ವೆರ್ನನ್. "ಈಗ ರಸ್ತೆ, ನೀರು ಎಲ್ಲ ಬಂತಲ್ಲ. ಇನ್ನು ಯಾರು ಬೇಡ ಅಂತಾರೆ?"

ಬೇಡ ಎಂದು ತಡೆಯಬಹುದಾಗಿದ್ದವಳು ಒಬ್ಬಳೇ ಇದ್ದಳು. ಅವಳು ಅಂದಿರಲಿಲ್ಲ.